ಆಪ್ ಸರಿ ಅನ್ನುತ್ತೆ, ಗುರುಗಳು ತಪ್ಪು ಅಂತಾರೆ: ನ್ಯೂಜೆರ್ಸಿಯಲ್ಲಿ ಕೂತು ತೋಡಿ ರಾಗ ಕಲಿಯುವುದು ಹೇಗೆ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ 12 ವರ್ಷ, ಇಲ್ಲೇ ಹುಟ್ಟಿದವಳು. ಮೊದಲು ಇಲ್ಲಿನ ಒಂದು ಗುಂಪು ಕ್ಲಾಸಿನಲ್ಲಿ ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ, ಜಂಟಿ, ಅಲಂಕಾರ, ಗೀತೆ ಕಲಿತಳು. ಮೂರು ವರ್ಷದಿಂದ ಮೈಸೂರಿನ ಗುರುಗಳ ಹತ್ತಿರ ಜೂಮ್‌ನಲ್ಲಿ ಪಾಠ. ಶನಿವಾರ ಬೆಳಿಗ್ಗೆ 8ಕ್ಕೆ, ಮುಕ್ಕಾಲು ಗಂಟೆ. ಮೋಹನ, ಹಂಸಧ್ವನಿ, ಆಭೋಗಿ ರಾಗಗಳ ವರ್ಣಗಳು (ಗೀತೆಯ ನಂತರ ಕಲಿಯುವ ರಚನೆಗಳು) ಸಲೀಸಾಗಿ ಬಂದವು. ತೋಡಿ ವರ್ಣಕ್ಕೆ ಬಂದು ಆರು ತಿಂಗಳಿಂದ ಸಿಕ್ಕಿಕೊಂಡಿದ್ದಾಳೆ. ‘ಗಾಂಧಾರ ಬರ್ತಿಲ್ಲ, ಕಾಲ ಎಳೀತಾಳೆ’ ಅಂತಾರೆ ಗುರುಗಳು. ಅಂದರೆ ಸರಿಗಮದ ‘ಗ’ ಸರಿಯಿಲ್ಲ, ತಾಳಕ್ಕಿಂತ ಹಿಂದೆ ಬೀಳ್ತಾಳೆ ಅಂತ. ನಮ್ಮವರು ಕೀಬೋರ್ಡ್ ನುಡಿಸಿ, ಫೋನಿನಲ್ಲಿ ಶ್ರುತಿ ನೋಡುವ ಆಪ್ ಹಾಕಿ ಪರೀಕ್ಷೆ ಮಾಡಿದರು. ಗಾಂಧಾರ ಕರೆಕ್ಟಾಗಿದೆ ಅಂತ ತೋರಿಸುತ್ತೆ! ಊರಿನಲ್ಲಿ ಅತ್ತೆ, ‘ಅಲ್ಲಿ ಹುಟ್ಟಿದ ಮಕ್ಕಳ ಗಂಟಲಿಗೆ ಗಮಕ ಹತ್ತಲ್ಲ, ಸುಮ್ನೆ ದುಡ್ಡು ದಂಡ’ ಅಂತಾರೆ. (ಗಮಕ ಅಂದರೆ ಸ್ವರವನ್ನು ತೂಗಿ, ಜಾರಿಸಿ ಹಾಡುವುದು.) ಮನೆಯಿಂದ 20 ನಿಮಿಷದ ದೂರದಲ್ಲಿ ಒಬ್ಬರು ಟೀಚರ್ ಇದ್ದಾರೆ. ಆನ್‌ಲೈನ್ ಬಿಟ್ಟು ಅಲ್ಲಿ ಸೇರಿಸಬೇಕಾ? ಅಥವಾ ಒಂದು ವರ್ಷ ಮೈಸೂರಿನಲ್ಲಿ ಅಜ್ಜಿ ಮನೆಯಲ್ಲಿ ಬಿಟ್ಟು ಕಲಿಸಬೇಕಾ? ನನಗೆ ಹಾಡೋಕೆ ಬರಲ್ಲ, ಕೇಳ್ತೀನಷ್ಟೆ. ಮಗಳು ಸ್ಕೂಲ್ ಕ್ವಾಯರ್‌ನಲ್ಲೂ ಹಾಡುತ್ತಾಳೆ. ಅದೇನಾದರೂ ಅಡ್ಡಿಯಾ?

ಉತ್ತರ: ನಿಮ್ಮ ಪ್ರಶ್ನೆಗಳು ನಾಲ್ಕೈದಿದ್ದರೂ ಆತಂಕ ಒಂದೇ. ದೂರದಿಂದ ಕಲಿಯುವಾಗ ಮಗಳಿಗೆ ಏನೋ ಸಿಗುತ್ತಿಲ್ಲ, ಅದೇನು ಅಂತ ಮನೆಯಲ್ಲಿ ಯಾರಿಗೂ ಹೇಳೋಕೆ ಆಗುತ್ತಿಲ್ಲ. ಸಿಗುತ್ತಿಲ್ಲ ಅನ್ನುವುದು ನಿಜ. ಆದರೆ ಕೊರತೆ ಅವಳ ಗಂಟಲಿನಲ್ಲೂ ಇಲ್ಲ, ನಿಮ್ಮ ಗುರುಗಳ ವಿದ್ಯೆಯಲ್ಲೂ ಇಲ್ಲ. ಅವಳಿಗೆ ಇಲ್ಲದಿರುವುದು ಗುರುವಿನ ದನಿಯ ಜೊತೆಗೆ, ಅದೇ ಕ್ಷಣದಲ್ಲಿ, ಬಾಯಿ ಕೂಡಿಸಿ ಹಾಡುವ ಅಭ್ಯಾಸ.

ಮೊದಲು ಗಂಟಲಿನ ಮಾತು ಮುಗಿಸಿಬಿಡೋಣ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಜಾನ್ ಹಿಗ್ಗಿನ್ಸ್ ಅವರನ್ನು ಮದರಾಸಿನ ರಸಿಕರು ‘ಹಿಗ್ಗಿನ್ಸ್ ಭಾಗವತರ್’ ಅಂತ ಕರೆದರು. ಅವರ ಮನೆಯಲ್ಲಿ ಕರ್ನಾಟಕ ಸಂಗೀತದ ಗಾಳಿಯೂ ಇರಲಿಲ್ಲ. ದೊಡ್ಡವರಾದ ಮೇಲೆ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದರು, ಕೊಳಲು ವಿದ್ವಾಂಸ ಟಿ. ವಿಶ್ವನಾಥನ್ ಅವರ ಶಿಷ್ಯರಾದರು, ಮದರಾಸಿಗೂ ಬಂದು ಕಲಿತರು. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಅವರ ದನಿಯಲ್ಲಿ ಇವತ್ತಿಗೂ ಸಿಗುತ್ತದೆ, ಅತ್ತೆಯವರಿಗೆ ಒಮ್ಮೆ ಕೇಳಿಸಿ. ಗಮಕಕ್ಕೆ ಹುಟ್ಟಿದ ಊರು ಬೇಡ. ಹಿಗ್ಗಿನ್ಸ್ ಅವರಿಗೆ ಇದ್ದದ್ದು ನಿಮ್ಮ ಮಗಳಿಗೆ ಇಲ್ಲದ ಒಂದು ಅನುಕೂಲ: ಗುರು ಅದೇ ಕೋಣೆಯಲ್ಲಿ ಕೂತಿರುತ್ತಿದ್ದರು.

ಇನ್ನು ಆಪ್ ವಿಷಯ. ಅದು ಸುಳ್ಳು ಹೇಳುತ್ತಿಲ್ಲ. ಆದರೆ ನೀವು ಅದಕ್ಕೆ ಕೇಳಿದ ಪ್ರಶ್ನೆ ಸರಿಯಿಲ್ಲ. ತೋಡಿಗೆ ಇರುವುದು ‘ಸಾಧಾರಣ ಗಾಂಧಾರ’ ಅನ್ನುವ ಬಗೆಯ ಗಾಂಧಾರ. ಕೀಬೋರ್ಡಿನಲ್ಲಿ ಅದಕ್ಕೊಂದು ಮನೆ (ಕೀ) ಇದೆ. ಭೈರವಿ, ಖರಹರಪ್ರಿಯ ರಾಗಗಳ ಗಾಂಧಾರಕ್ಕೂ ಅದೇ ಮನೆ. ಆದರೆ ಈ ಮೂರು ರಾಗದ ಗಾಂಧಾರಗಳನ್ನು ಹಾಡಿಸಿ ಕೇಳಿ, ಮೂರೂ ಬೇರೆ ಬೇರೆ. ತೋಡಿಯಲ್ಲಿ ಗಾಂಧಾರ ತನ್ನ ಮನೆಯಲ್ಲಿ ಕೂರುವುದು ಬಹಳ ಕಡಿಮೆ. ಕೆಳಗೆ ರಿಷಭದ (ರಿ) ಕಡೆ ಇಳಿದು, ಮೇಲೆ ಮಧ್ಯಮದ (ಮ) ಹತ್ತಿರ ಹೋಗಿ, ಆ ಎರಡರ ನಡುವೆ ತೂಗುತ್ತಿರುತ್ತದೆ. ಬಾಯಲ್ಲಿ ‘ಗ’ ಅನ್ನುತ್ತೇವೆ, ದನಿ ಮಾತ್ರ ಆ ದಾರಿಯಲ್ಲಿ ಓಡಾಡುತ್ತಿರುತ್ತದೆ. ನಿಮ್ಮ ಗುರುಗಳು ಹಾಡುವಾಗ ಅದೇ ಆಪ್ ಹಾಕಿ ನೋಡಿ, ಮುಳ್ಳು ಒಂದು ಕಡೆ ನಿಲ್ಲುವುದೇ ಇಲ್ಲ. ನಿಮ್ಮ ಮಗಳ ಗಾಂಧಾರ ನೆಟ್ಟಗೆ ನಿಂತಿದೆ ಅಂತ ಆಪ್ ಹೇಳಿದರೆ, ಗುರುಗಳು ಹೇಳಿದ್ದನ್ನೇ ಅದು ಬೇರೆ ಮಾತಿನಲ್ಲಿ ಹೇಳಿದ ಹಾಗಾಯಿತು. ಷಡ್ಜ (ಸ), ಪಂಚಮ (ಪ) ಶ್ರುತಿಗೆ ಸೇರುತ್ತಿದೆಯಾ ಅಂತ ನೋಡೋಕೆ ಆಪ್ ಒಳ್ಳೆಯದು. ಅದರಾಚೆಗೆ ಅದನ್ನು ನಂಬಬೇಡಿ.

ಮೊದಲ ವರ್ಣಗಳು ಬಂದು ತೋಡಿ ಯಾಕೆ ಬರಲಿಲ್ಲ ಅನ್ನುವುದಕ್ಕೂ ಇದೇ ಕಾರಣ. ಮೋಹನ, ಹಂಸಧ್ವನಿ ಐದೈದು ಸ್ವರದ ರಾಗಗಳು, ಸ್ವರಸ್ಥಾನ ಶುದ್ಧವಾಗಿದ್ದರೆ ಹಾಡು ಹೇಗೋ ನಿಂತುಬಿಡುತ್ತದೆ. ಗಮಕ ಸ್ವಲ್ಪ ಕಡಿಮೆಯಾದರೂ ಕೇಳುವವರು ‘ಚೆನ್ನಾಗಿದೆ ಮರಿ’ ಅಂದುಬಿಡುತ್ತಾರೆ. ತೋಡಿಯಲ್ಲಿ ಆ ರಿಯಾಯಿತಿ ಇಲ್ಲ. ಗಮಕ ತೆಗೆದರೆ ರಾಗವೇ ಇರುವುದಿಲ್ಲ. ಅಂದರೆ ಸಮಸ್ಯೆ ಆರು ತಿಂಗಳ ಹಿಂದೆ ಶುರುವಾದದ್ದಲ್ಲ, ಆರು ತಿಂಗಳ ಹಿಂದೆ ಎಲ್ಲರಿಗೂ ಕಂಡದ್ದು. ಬೆಂಗಳೂರಿನಲ್ಲೇ ಇದ್ದು ವಾರಕ್ಕೊಂದು ಪಾಠಕ್ಕೆ ಬರುವ ಮಕ್ಕಳೂ ಇದೇ ಜಾಗದಲ್ಲಿ ಎಡವುತ್ತಾರೆ. ಅವರು ಎದ್ದುಬರುವುದು ಬೇಗ, ಅಷ್ಟೇ.

ಯಾಕೆ ಬೇಗ? ಎದುರಿಗೆ ಕೂತ ಮಗುವಿಗೆ ನಾನು ಗಮಕ ‘ವಿವರಿಸುವುದು’ ಕಡಿಮೆ. ನಾನು ಹಾಡುತ್ತೇನೆ, ಅದು ಹಾಡುತ್ತದೆ, ಆಮೇಲೆ ಇಬ್ಬರೂ ಒಟ್ಟಿಗೆ ಹಾಡುತ್ತೇವೆ. ಆ ಮೂರನೆಯ ಹೆಜ್ಜೆಯಲ್ಲಿ ಏನೋ ನಡೆಯುತ್ತದೆ. ನನ್ನ ದನಿ ಮೇಲಕ್ಕೆ ಹೊರಟಾಗ ಮಗುವಿನ ದನಿಯೂ ಜೊತೆಗೇ ಹೊರಡುತ್ತದೆ. ತಪ್ಪಿದರೆ ಕಿವಿಗೆ ಆಗಿಂದಾಗಲೇ ಚುಚ್ಚುತ್ತದೆ, ಮಗು ತಾನೇ ತಿದ್ದಿಕೊಳ್ಳುತ್ತದೆ. ‘ತಪ್ಪು’ ಅಂತ ಬಾಯಿಬಿಟ್ಟು ಹೇಳುವುದೇ ಬೇಕಾಗುವುದಿಲ್ಲ.

ಜೂಮ್‌ನಲ್ಲಿ ಈ ಮೂರನೆಯ ಹೆಜ್ಜೆ ಆಗುವುದೇ ಇಲ್ಲ. ಮೈಸೂರಿನಿಂದ ನ್ಯೂಜೆರ್ಸಿಗೆ 13 ಸಾವಿರ ಕಿಲೋಮೀಟರಿಗೂ ಜಾಸ್ತಿ. ಇಂಟರ್‌ನೆಟ್ ಕೇಬಲ್ಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಬಲ್ ನೆಟ್ಟಗೆ ಗೆರೆ ಎಳೆದ ಹಾಗೆ ಹೋಗಿದ್ದರೂ ದನಿ ತಲುಪೋಕೆ 65 ಮಿಲಿಸೆಕೆಂಡಿನ ಮೇಲೆ ಬೇಕು. ನಿಜದಲ್ಲಿ ಕೇಬಲ್ ಸುತ್ತಿಕೊಂಡು ಹೋಗುತ್ತದೆ, ಕಂಪ್ಯೂಟರುಗಳೂ ಸ್ವಲ್ಪ ಹೊತ್ತು ತಿನ್ನುತ್ತವೆ. ಇಬ್ಬರು ಜೊತೆಗೆ ಹಾಡಬೇಕಾದರೆ ತಡ 30 ಮಿಲಿಸೆಕೆಂಡಿನ ಆಸುಪಾಸು ದಾಟಿದರೇ ಕಷ್ಟ. ಹಾಗಾಗಿ ದುಬಾರಿ ಇಂಟರ್‌ನೆಟ್ ಪ್ಲಾನ್ ತೆಗೆದುಕೊಂಡರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ದುಡ್ಡು ಹಾಕಬೇಡಿ.

‘ಕಾಲ ಎಳೀತಾಳೆ’ ಅನ್ನುವ ದೂರಿನಲ್ಲೂ ಇದರ ಪಾಲು ಇರಬಹುದು. ಪಾಠದಲ್ಲಿ ತಾಳ ಹಾಕುವವರು ಯಾರು, ಸ್ವಲ್ಪ ಗಮನಿಸಿ. ಗುರುಗಳು ತಾಳ ಹಾಕಿ, ಮಗಳು ಅದನ್ನು ನೋಡಿಕೊಂಡು ಹಾಡುತ್ತಿದ್ದರೆ ಅವಳಿಗೆ ತಾಳ ತಡವಾಗಿ ಕಾಣುತ್ತದೆ. ಅವಳು ಅದಕ್ಕೆ ಸರಿಯಾಗಿ ಹಾಡಿದ್ದು ಗುರುಗಳಿಗೆ ಇನ್ನೂ ತಡವಾಗಿ ಕೇಳುತ್ತದೆ. ಹೋಗಿ ಬರೋಕೆ ಅರ್ಧ ಸೆಕೆಂಡ್ ಹಿಡಿದರೆ, ಸೆಕೆಂಡಿಗೊಂದು ಅಕ್ಷರದ (ತಾಳದ ಎಣಿಕೆಯ) ಕಾಲದಲ್ಲಿ ಮಗು ಅರ್ಧ ಅಕ್ಷರ ಹಿಂದೆ ಬಿದ್ದ ಹಾಗೆ ಆಯಿತು. ಏನೂ ತಪ್ಪು ಮಾಡದೆ ಬೈಸಿಕೊಳ್ಳುವುದು ಅಂದರೆ ಇದೇ. ತಾಳ ಯಾವಾಗಲೂ ಮಗಳ ಕೈಯಲ್ಲೇ ಇರಲಿ. ಗುರುಗಳು ಸುಮ್ಮನೆ ಕೂತು ಕೇಳಲಿ. ಆಗಲೂ ಎಳೆದರೆ ಅದು ನಿಜವಾದ ಎಳೆತ, ಟಿಕ್ ಟಿಕ್ ಅಂತ ಕಾಲ ಎಣಿಸುವ ಮೆಟ್ರೋನೋಮ್ ಇಟ್ಟು ತಿದ್ದಬಹುದು.

ಇನ್ನೊಂದು ಕಳ್ಳ ಜೂಮ್ ಒಳಗೇ ಕೂತಿದ್ದಾನೆ. ಆಫೀಸ್ ಮೀಟಿಂಗಿಗೆ ಅಂತ ಮಾಡಿದ್ದು ಅದು. ಫ್ಯಾನಿನ ಸದ್ದಿನ ಹಾಗೆ ಒಂದೇ ಸಮ ಬರುವ ಸದ್ದನ್ನು ಗಲಾಟೆ ಅಂತ ತಿಳಿದು ಅಳಿಸಿಹಾಕುತ್ತದೆ. ತಂಬೂರ ಒಂದೇ ಸಮ ಬರುವ ನಾದ ಅಲ್ವಾ, ಅದೂ ಹೋಗುತ್ತದೆ. ಇಬ್ಬರೂ ಒಟ್ಟಿಗೆ ದನಿ ತೆಗೆದರೆ ಒಬ್ಬರದನ್ನು ಅದುಮುತ್ತದೆ. ಮೆಲ್ಲಗೆ ಹಾಡಿದ್ದನ್ನು ಎತ್ತಿ, ಜೋರಾಗಿ ಹಾಡಿದ್ದನ್ನು ತಗ್ಗಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಗಮಕದ ಕೊನೆಯ ಸಣ್ಣ ಜಾರು ಅಲ್ಲೇ ಎಲ್ಲೋ ಸತ್ತುಹೋಗುತ್ತದೆ. ಸೆಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್’ ಅಂತ ಇದೆ, ಎರಡೂ ಕಡೆ ಆನ್ ಮಾಡಿ. ಗುರುಗಳಿಗೆ ಫೋನಿನಲ್ಲಿ ಇದೆಲ್ಲ ಗೊತ್ತಾಗದಿದ್ದರೆ, ಮೈಸೂರಿನಲ್ಲಿ ನಿಮ್ಮ ಮನೆಯವರು ಯಾರಾದರೂ ಒಮ್ಮೆ ಹೋಗಿ ಹಾಕಿಕೊಟ್ಟು ಬರಲಿ. ಮಗಳು ತಂತಿ ಇರುವ ಹೆಡ್‌ಫೋನ್ ಹಾಕಲಿ. ಬ್ಲೂಟೂತ್ ಬೇಡ, ಅದು ಇರುವ ತಡಕ್ಕೆ ಇನ್ನಷ್ಟು ತಡ ಸೇರಿಸುತ್ತದೆ. ತಂಬೂರ ಅವಳ ಕೋಣೆಯಲ್ಲೇ ನುಡಿಯಬೇಕು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಷಡ್ಜ (ಕೆಳಗಿನ ಸ) ಬರುವುದೇ ಇಲ್ಲ, ಕೀಚು ದನಿ ಮಾತ್ರ ಕೇಳುತ್ತದೆ. ಎಲೆಕ್ಟ್ರಾನಿಕ್ ತಂಬೂರವನ್ನೋ ಒಂದು ಸುಮಾರಾದ ಸ್ಪೀಕರನ್ನೋ ತನ್ನಿ. ಇದಕ್ಕೆ ಹಾಕಿದ ದುಡ್ಡು ದಂಡ ಅಲ್ಲ.

ಇಷ್ಟಾದರೆ ಕೇಳುವುದು ಸುಧಾರಿಸುತ್ತದೆ. ಜೊತೆಗೆ ಹಾಡುವುದು ಇನ್ನೂ ಬಾಕಿ ಇದೆ.

ಅದಕ್ಕೆ ಕೈಗೆಟುಕುವ ದಾರಿ ರೆಕಾರ್ಡಿಂಗ್. ಪ್ರತಿ ಪಾಠದ ಕೊನೆಗೆ ಆ ವಾರದ ಎರಡು ಸಾಲನ್ನು ಗುರುಗಳು ಫೋನಿಗೆ ನೇರವಾಗಿ ಹಾಡಿ ಕಳಿಸಲಿ. ಜೂಮ್ ರೆಕಾರ್ಡಿಂಗ್ ಬೇಡ. ಮೊದಲೇ ಅನುಮತಿ ಕೇಳಿ, ಯಾರಿಗೂ ಹಂಚುವುದಿಲ್ಲ ಅಂತ ಹೇಳಿ. ಕೆಲವು ಹಿರಿಯರಿಗೆ ಈ ವಿಷಯದಲ್ಲಿ ಇರುಸುಮುರುಸು ಇದೆ, ಕಾರಣವೂ ಇದೆ. ರೆಕಾರ್ಡಿಂಗ್ ಮಗಳ ಶ್ರುತಿಯಲ್ಲೇ (ಅವಳು ಹಾಡುವ ಆಧಾರ ಸ್ವರದಲ್ಲೇ) ಇರಬೇಕು ಅನ್ನುವುದು ಮುಖ್ಯ. ಗುರುಗಳದ್ದು ಒಂದೂವರೆ ಮನೆ ಶ್ರುತಿ, ಹುಡುಗಿಯದು ಐದು ಮನೆ ಆಗಿದ್ದರೆ ಅವರಿಗೆ ತುಸು ಕಷ್ಟವೇ, ಆದರೆ ಎರಡು ಸಾಲಿನ ಮಟ್ಟಿಗೆ ಹಾಡಿಯಾರು. ಇಲ್ಲದಿದ್ದರೆ ಅವರ ಹಿರಿಯ ಶಿಷ್ಯೆ ಯಾರಾದರೂ ಹಾಡಿ ಕಳಿಸಲಿ.

ಮಗಳು ಮೊದಲು ಬಾಯಿ ಮುಚ್ಚಿ ಕೇಳಬೇಕು. ಆಮೇಲೆ ತಂಬೂರ ಹಾಕಿಕೊಂಡು ರೆಕಾರ್ಡಿಂಗ್ ಜೊತೆಗೆ ಅಕಾರದಲ್ಲಿ, ಅಂದರೆ ಬರೀ ‘ಆ’ ಅಂತ ಹಾಡಬೇಕು. ಸ್ವರ, ಸಾಹಿತ್ಯ ಆಮೇಲೆ. ತನ್ನ ದನಿ ಬೇರೆಯಾಗಿ ಕೇಳದಷ್ಟು ಗುರುಗಳ ದನಿಯೊಳಗೆ ಬೆರೆಯುವ ತನಕ ಮುಂದಿನ ಸಾಲಿಗೆ ಹೋಗಬಾರದು. ತೋಡಿ ಗಾಂಧಾರಕ್ಕೆ ಮಾತ್ರ ನಾನೊಂದು ಅಡ್ಡದಾರಿ ಬಳಸುತ್ತೇನೆ. ‘ರಿ ಮ ರಿ ಮ’ ಅಂತ ನಿಧಾನವಾಗಿ, ಬಿಡಿಬಿಡಿಯಾಗಿ ಹಾಡಿಸುವುದು. ಆಮೇಲೆ ಒಂದರಿಂದ ಇನ್ನೊಂದಕ್ಕೆ ಜಾರಿಸುವುದು. ಆಮೇಲೆ ಅದೇ ಓಟ ಇಟ್ಟುಕೊಂಡು ಬಾಯಲ್ಲಿ ‘ಗಾ’ ಅನ್ನಿಸುವುದು. ಕೊನೆಗೆ ಮಧ್ಯಮವನ್ನು ಪೂರ್ತಿ ಮುಟ್ಟದೆ ಹಿಂದಿರುಗುವುದು. ಶಾಸ್ತ್ರದ ಪ್ರಕಾರ ಇದು ಒರಟು ಉಪಾಯ, ಹಳಬರು ಮೂಗು ಮುರಿಯುತ್ತಾರೆ. ಜಾಸ್ತಿ ದಿನ ಮಾಡಿದರೆ ಗಮಕ ಯಂತ್ರದ ಹಾಗೆ ಆಗುವ ಅಪಾಯವೂ ಇದೆ. ಓಟ ಸಿಕ್ಕ ಕೂಡಲೇ ಬಿಟ್ಟುಬಿಡಬೇಕು. ಗುರುಗಳನ್ನು ಕೇಳಿಯೇ ಮಾಡಿ.

ವಾರದ ಮಧ್ಯೆ, ಬುಧವಾರವೋ ಗುರುವಾರವೋ, ಅವಳು ಹಾಡಿದ್ದನ್ನು ಎರಡು ನಿಮಿಷದ ವಾಟ್ಸಾಪ್ ದನಿಯಾಗಿ ಗುರುಗಳಿಗೆ ಕಳಿಸಿ. ಅದರಲ್ಲಿ ತಡದ ಸಮಸ್ಯೆ ಇಲ್ಲ, ತಾಳ ಇದ್ದ ಹಾಗೆ ಕೇಳುತ್ತದೆ. ಶನಿವಾರದ ತನಕ ತಪ್ಪನ್ನೇ ಗಟ್ಟಿ ಮಾಡಿಕೊಂಡು ಕೂರುವುದೂ ತಪ್ಪುತ್ತದೆ. ಅಂದಹಾಗೆ, ನಿಮ್ಮ ಬೆಳಿಗ್ಗೆ 8 ಅಂದರೆ ಬೇಸಿಗೆಯಲ್ಲಿ ಮೈಸೂರಿನ ಸಂಜೆ ಐದೂವರೆ, ನವೆಂಬರಿನಲ್ಲಿ ನಿಮ್ಮ ಗಡಿಯಾರ ಹಿಂದೆ ಸರಿದ ಮೇಲೆ ಆರೂವರೆ. ದಿನವಿಡೀ ಪಾಠ ಹೇಳಿದ ಗಂಟಲು ಅದು. ಅವರಿಗೆ ಯಾವ ಹೊತ್ತು ಹಗುರ ಅಂತ ಒಮ್ಮೆ ಕೇಳಿ ನೋಡಿ. ನಿಮ್ಮ ಶುಕ್ರವಾರ ರಾತ್ರಿ ಅವರ ಶನಿವಾರ ಬೆಳಗು.

ಈಗ ಹತ್ತಿರದ ಟೀಚರ್ ವಿಷಯ. ಆನ್‌ಲೈನ್ ಬಿಟ್ಟು ಅಲ್ಲಿ ಸೇರಿಸಿ ಅಂತ ನಾನು ಹೇಳುವುದಿಲ್ಲ, ಮೂರು ವರ್ಷದ ನಂಟು ಸಣ್ಣದಲ್ಲ. ಎರಡೂ ಕಡೆ ಅದೇ ವರ್ಣ ಕಲಿಸುವುದಂತೂ ಬೇಡವೇ ಬೇಡ. ಒಂದೇ ವರ್ಣಕ್ಕೆ ಎರಡು ಪಾಠಾಂತರ, ಅಂದರೆ ಹಾಡುವ ಎರಡು ಬಗೆ ಇರುತ್ತದೆ. ಇಲ್ಲಿ ಕಲಿತದ್ದನ್ನು ಅಲ್ಲಿ ತಿದ್ದುತ್ತಾರೆ, ಅಲ್ಲಿ ತಿದ್ದಿದ್ದನ್ನು ಇಲ್ಲಿ ಬೈಯುತ್ತಾರೆ. ಮಗು ಎರಡನ್ನೂ ಕಲಸಿ ಮೂರನೆಯದೊಂದು ಹಾಡುತ್ತದೆ. ಆದರೆ ಆ ಟೀಚರ್ ಒಪ್ಪಿದರೆ ವಾರಕ್ಕೊಮ್ಮೆ ಬರೀ ಸಾಧನೆಗೆ (ಅಭ್ಯಾಸಕ್ಕೆ) ಕಳಿಸಬಹುದು. ಜಂಟಿ, ಅಲಂಕಾರಗಳನ್ನು ಬೇರೆ ಬೇರೆ ರಾಗದಲ್ಲಿ, ಮೂರು ಕಾಲದಲ್ಲಿ (ವೇಗದಲ್ಲಿ), ನಾಲ್ಕು ಮಕ್ಕಳ ಜೊತೆ ಬಾಯಿ ಕೂಡಿಸಿ ಹಾಡಲಿ. ಇದರಲ್ಲಿ ಪಾಠಾಂತರದ ಜಗಳ ಇಲ್ಲ. ಮೈಸೂರಿನ ಗುರುಗಳಿಗೆ ಮೊದಲೇ ಹೇಳಿ, ಅವರ ಒಪ್ಪಿಗೆ ತೆಗೆದುಕೊಂಡು ಕಳಿಸಿ. ಬೇರೆಯವರ ಬಾಯಿಂದ ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾರೆ, ನಾನಾದರೂ ಮಾಡಿಕೊಳ್ಳುತ್ತೇನೆ. ಗುಂಪಿನ ಒಂದು ಅಪಾಯ ಗೊತ್ತಿರಲಿ: ಸಂಕೋಚದ ಮಗು ಪಕ್ಕದವಳ ದನಿಯ ಹಿಂದೆ ಅವಿತುಕೊಂಡು ಹಾಡಿಬಿಡುತ್ತದೆ. ನಡುನಡುವೆ ಒಬ್ಬೊಬ್ಬರನ್ನೇ ಹಾಡಿಸುವ ಟೀಚರ್ ಆದರೆ ಒಳ್ಳೆಯದು.

ಒಂದು ವರ್ಷ ಮೈಸೂರಿನಲ್ಲಿ ಬಿಡುವುದು? ಸಂಗೀತಕ್ಕಾಗಿ ಮನೆ ಬಿಡುವುದು ನಮ್ಮಲ್ಲಿ ಹೊಸದಲ್ಲ. ಮೈಸೂರು ವಾಸುದೇವಾಚಾರ್ಯರು ಅರಮನೆಯ ನೆರವಿನಿಂದ ತಿರುವಯ್ಯಾರಿಗೆ ಹೋಗಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಹತ್ತಿರ ಇದ್ದು ಕಲಿತವರು. (ನಿಮ್ಮ ಮಗಳು ಹಾಡುವ ಆಭೋಗಿ ವರ್ಣ ‘ಎವರಿ ಬೋಧನ’ ಆಗಿದ್ದರೆ, ಅದೂ ಆ ಅಯ್ಯರ್ ಅವರದೇ.) ಆದರೆ ಈಗ ಗುರುಗಳ ಮನೆಯಲ್ಲಿ ಇಡೀ ದಿನ ಇರುವ ಪದ್ಧತಿ ಎಲ್ಲಿದೆ? ಮೈಸೂರಿನಲ್ಲಿ ಬಿಟ್ಟರೂ ಅವಳಿಗೆ ಸಿಗುವುದು ವಾರಕ್ಕೆ ಎರಡು ಪಾಠ. ಅದಕ್ಕಾಗಿ 12ರ ಹುಡುಗಿ ಸ್ಕೂಲು, ಗೆಳತಿಯರು, ಅಪ್ಪ ಅಮ್ಮನನ್ನು ಬಿಡಬೇಕು. ಸಂಗೀತದ ಮೇಲೇ ಸಿಟ್ಟು ಬರಬಹುದು. ನಾನು ಬೇಡ ಅನ್ನುತ್ತೇನೆ.

ಅದರ ಬದಲು ಬೇಸಿಗೆ ರಜೆಯ ಐದಾರು ವಾರ ಬನ್ನಿ, ದಿನಾ ಪಾಠ ಮಾಡಿಸಿ. ಟಿಕೆಟ್ ಬುಕ್ ಮಾಡುವ ಮೊದಲು ಗುರುಗಳನ್ನು ಕೇಳಿ. ಅಮೆರಿಕದ ಬೇಸಿಗೆಯಲ್ಲಿ ಇಲ್ಲಿನ ಎಷ್ಟೋ ವಿದ್ವಾಂಸರು ಅಮೆರಿಕದಲ್ಲೇ ಇರುತ್ತಾರೆ! ಮೊದಲ ವಾರ ನಿದ್ದೆ, ನೆಗಡಿಯಲ್ಲಿ ಹೋಗುತ್ತದೆ, ಲೆಕ್ಕಕ್ಕೆ ಇಡಬೇಡಿ. ‘ಬಂದಿದ್ದೇವಲ್ಲ, ಹತ್ತು ಕೃತಿ ಹೇಳಿಕೊಟ್ಟುಬಿಡಿ’ ಅಂತ ಮಾತ್ರ ಕೇಳಬೇಡಿ. ಬಹಳ ಜನ ತಂದೆ ತಾಯಿ ಕೇಳುವುದು ಅದನ್ನೇ. ಕೃತಿಯ ಸಾಹಿತ್ಯ, ಸ್ವರ ಜೂಮ್‌ನಲ್ಲೂ ಸಿಗುತ್ತದೆ. ಎದುರಿಗೆ ಕೂತಾಗ ಮಾಡಬೇಕಾದದ್ದು ತೋಡಿ ವರ್ಣ, ತೋಡಿಯಲ್ಲಿ ಜಂಟಿ ವರಸೆ, ಬೇಕಿದ್ದರೆ ಒಂದು ಸಣ್ಣ ಭೈರವಿ. ಸಂಜೆ ಕಛೇರಿ ಕೇಳಿಸಿ. ನೀವು ಬರುವ ಹೊತ್ತಿಗೆ ರಾಮನವಮಿಯ ಕಛೇರಿಗಳು ಮುಗಿದು ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲು ಬಿಚ್ಚಿರುತ್ತಾರೆ. ಆದರೆ ಆಗಸ್ಟಿನಲ್ಲಿ ರಾಯರ ಆರಾಧನೆ, ಗೋಕುಲಾಷ್ಟಮಿ ಅಂತ ಮಠ, ಸಭೆಗಳಲ್ಲಿ ಹಾಡು ಇದ್ದೇ ಇರುತ್ತದೆ.

ಕ್ವಾಯರ್ ಅಡ್ಡಿಯಲ್ಲ. ಅಲ್ಲಿ ಉಸಿರು ಹಿಡಿಯುವುದು, ಬೇರೆಯವರನ್ನು ಕೇಳಿಕೊಂಡು ಹಾಡುವುದು ಕಲಿಯುತ್ತಾಳೆ. ಅಲ್ಲಿನ ತೆಳು ದನಿಯನ್ನು ಇಲ್ಲಿಗೆ ತರದಿದ್ದರೆ ಸಾಕು. ನಮಗೆ ಬೇಕಾದದ್ದು ತುಂಬಿದ, ತೆರೆದ ಶಾರೀರ. ದಿನಾ ಬೆಳಿಗ್ಗೆ ಹತ್ತು ನಿಮಿಷ ಮಂದ್ರದಲ್ಲಿ ಅಕಾರ ಹಾಡಿದರೆ ಗಂಟಲಿಗೆ ಎರಡರ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ನೀವು ಕೇಳದ ಒಂದು ಮಾತು ಸೇರಿಸುತ್ತೇನೆ, ಅಲ್ಲಿನ ಮಕ್ಕಳ ಹಾಡಿನಲ್ಲಿ ನನ್ನ ಕಿವಿಗೆ ಮೊದಲು ತಾಗುವುದು ಅದೇ. ‘ಬಾರೋ’ ಅನ್ನುವ ಕೊನೆಯ ಓಕಾರವನ್ನು ಉದ್ದಕ್ಕೆ ಹಿಡಿದಾಗ ಅದು ಮೆಲ್ಲಗೆ ‘ಬಾರೋವ್’ ಆಗುತ್ತದೆ. ಇಂಗ್ಲಿಷಿನ ಬಾಯಿ ಓಕಾರವನ್ನು ಮುಚ್ಚಿಕೊಂಡೇ ಮುಗಿಸುತ್ತದೆ. ಪದದ ಮೊದಲ ಪಕಾರ, ಕಕಾರಗಳಿಗೆ ಉಸಿರು ಸೇರಿ ‘ಪಾಲಿಸೋ’ ಹೋಗಿ ‘ಫಾಲಿಸೋ’ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಸಾಹಿತ್ಯ ಬರೆದುಕೊಂಡರೆ ತ, ಥ, ಟ ಮೂರೂ ಕಲಸಿಹೋಗುತ್ತವೆ, ಲ ಯಾವುದು ಳ ಯಾವುದು ಗೊತ್ತಾಗುವುದಿಲ್ಲ. ಮಗಳಿಗೆ ಕನ್ನಡ ಅಕ್ಷರ ಕಲಿಸಿ, ತೆಲುಗು ಕೃತಿಯನ್ನೂ ಕನ್ನಡದಲ್ಲೇ ಬರೆದುಕೊಳ್ಳಲಿ. ಈ ಕೆಲಸಕ್ಕೆ ನಿಮಗೆ ಹಾಡೋಕೆ ಬರಬೇಕಿಲ್ಲ. ಗಾಯಕ ಆರ್.ಕೆ. ಶ್ರೀಕಂಠನ್ ಅವರ ದೇವರನಾಮಗಳನ್ನು ಕಾರಿನಲ್ಲಿ ಹಾಕಿ, ಒಂದೊಂದು ಅಕ್ಷರವೂ ಎಷ್ಟು ಬಿಡಿಯಾಗಿ ಕೇಳುತ್ತದೆ ನೋಡಿ. ತೋಡಿಗೆ ಟಿ.ಎನ್. ರಾಜರತ್ನಂ ಪಿಳ್ಳೈ ಅವರ ನಾಗಸ್ವರ ಹಾಕಿ. ಸಾಹಿತ್ಯವೇ ಇಲ್ಲದ್ದರಿಂದ ಕಿವಿ ಪೂರ್ತಿ ಗಮಕದ ಮೇಲೇ ಇರುತ್ತದೆ.

ಈ ವರ್ಷ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಆರಾಧನೆಯ ಸ್ಪರ್ಧೆಗೆ ಸೇರಿಸಬೇಕು ಅಂತ ಮನಸ್ಸಿದ್ದರೆ ಒಂದು ಮಾತು. 1978ರಿಂದ ನಡೆದು ಬಂದ ಉತ್ಸವ ಅದು, ಹೋಗಿ ಕಛೇರಿಗಳನ್ನು ಕೇಳಿಸಿ. ಸ್ಪರ್ಧೆಯನ್ನು ಮುಂದಿನ ವರ್ಷಕ್ಕೆ ಇಡಿ. ಈಗ ಸೇರಿಸಿದರೆ ಬರುವ ನಾಲ್ಕು ತಿಂಗಳು ಬಂದದ್ದನ್ನೇ ಉಜ್ಜುವುದರಲ್ಲಿ ಕಳೆಯುತ್ತದೆ, ತೋಡಿ ಮೂಲೆಗೆ ಬೀಳುತ್ತದೆ.

ತಂಬೂರ, ರೆಕಾರ್ಡಿಂಗ್, ತಾಳದ ಬದಲಾವಣೆ ಈ ಮೂರನ್ನು ಮೊದಲು ಎರಡು ತಿಂಗಳು ಮಾಡಿ ನೋಡಿ. ಗಾಂಧಾರ ಪೂರ್ತಿ ಬರದಿದ್ದರೂ ಅಲುಗಾಡೋಕೆ ಶುರುವಾಗಿರಬೇಕು. ಏನೂ ಆಗದಿದ್ದರೆ ಗುರುಗಳ ಹತ್ತಿರ ಸಂಕೋಚ ಬಿಟ್ಟು ಕೇಳಿ: ತೋಡಿಯನ್ನು ರಜೆಯ ತನಕ ಪಕ್ಕಕ್ಕಿಟ್ಟು, ಕಲ್ಯಾಣಿಯನ್ನೋ ಶಂಕರಾಭರಣವನ್ನೋ ತೆಗೆದುಕೊಳ್ಳಬಹುದಾ ಅಂತ. ಅನುಭವ ಇರುವ ಯಾವ ಗುರುವೂ ಇದನ್ನು ತಪ್ಪು ತಿಳಿಯುವುದಿಲ್ಲ.